ತಗ್ಗಿನ ಹೊಲದ ಮಡಕೆ

"ಮೇಷ್ಟ್ರೇ, ಅದನ್ನ ಮಾತ್ರ ಮುಟ್ಟಬೇಡಿ. ನಿಮಗೆ ಕೈ ಮುಗೀತೀನಿ."

ಡ್ರೈವರ್ ಜೀಪಿನಿಂದ ಪೂರ್ತಿ ಇಳಿದಿರಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಬಾಗಿಲಿಗೆ ಆತುಕೊಂಡು ನಿಂತಿದ್ದ. ಹೊಲದ ಅಂಚಿನವರೆಗೆ ಗಾಡಿ ತಂದವನು ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡಲೂ ಒಪ್ಪಲಿಲ್ಲ.

ಹೊಲ ನಾಲ್ಕೂ ಕಡೆಯಿಂದ ಇಳಿಜಾರಾಗಿ ನಡುವೆ ಬಟ್ಟಲಿನಂತೆ ತಗ್ಗಾಗಿತ್ತು. ತಗ್ಗಿನ ತಳದಲ್ಲಿ ಮಣ್ಣು ಮುಚ್ಚಿದ ಹಳೆಯ ಬಾವಿಯ ಕಲ್ಲುಕಟ್ಟೆ. ಕಟ್ಟೆಯ ಮೇಲೊಂದು ಕಪ್ಪು ಮಡಕೆ. ಅದರ ಬಾಯಿಗೆ ದಪ್ಪ ಬಟ್ಟೆ ಬಿಗಿದು, ಹಗ್ಗ ಸುತ್ತಿ, ಮೂರು ಗಂಟು ಹಾಕಿ, ಮೇಲೆ ಮೇಣ ಮೆತ್ತಿದ್ದರು. ಮಡಕೆಯ ಸುತ್ತ ನಾಲ್ಕು ಮಾರು ದೂರ ಹುಲ್ಲುಕಡ್ಡಿ ಕೂಡ ಇರಲಿಲ್ಲ. ಮೇಲಿನ ಬದುಗಳಲ್ಲಿ ಕೂಗುತ್ತಿದ್ದ ಹಕ್ಕಿಗಳ ದನಿ ತಗ್ಗಿಗೆ ಇಳಿಯುವಷ್ಟರಲ್ಲಿ ಎಲ್ಲೋ ಇಂಗಿಹೋಗುತ್ತಿತ್ತು.

"ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೋನು ಕಣಯ್ಯಾ ನಾನು," ಎಂದರು ಮೇಷ್ಟ್ರು, ಇಳಿಜಾರಿನಲ್ಲಿ ಜಾರದಂತೆ ಕಾಲೂರುತ್ತ. "ಮಡಕೆಗೆ ಹೆದರಿದೆ ಅಂತ ಗೊತ್ತಾದ್ರೆ ನನ್ನ ಪಿಂಚಣಿ ನಿಲ್ಲಿಸ್ತಾರೆ."

ಅವರು ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಸತ್ತಿದ್ದವರನ್ನು ಒಂದು ಕಂಪನಿ ಕರೆದು ಕೆಲಸ ಕೊಟ್ಟಿತ್ತು. ದೂರದ ಕಾರ್ಖಾನೆಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಒತ್ತಿ, ಪೈಪಿನಲ್ಲಿ ಸಾಗಿಸಿ, ಎಲ್ಲೋ ನೆಲದಾಳದಲ್ಲಿ ಹೂಳುವುದು ಕಂಪನಿಯ ಯೋಜನೆ. ಪೈಪು ನಲವತ್ತು ಮನೆಗಳ ಹೊಲ, ಹಿತ್ತಿಲುಗಳನ್ನು ಸೀಳಿಕೊಂಡು ಹೋಗಬೇಕಿತ್ತು. ಜನ ಒಪ್ಪಿರಲಿಲ್ಲ. ಬೇಲಿಬೇಲಿಗೂ ಹಲಗೆ ನೇತುಹಾಕಿದ್ದರು: 'ನಮ್ಮ ನೆಲ, ನಿಮ್ಮ ಪೈಪು ಬೇಡ.' ಅರ್ಧಕ್ಕಿಂತ ಹೆಚ್ಚು ಮನೆಯವರು ಆಕ್ಷೇಪಣೆಗೆ ಗಟ್ಟಿಯಾಗಿ ನಿಂತರೆ ದಾರಿ ಬದಲಿಸಲೇಬೇಕು. ನಿಲ್ಲದಿದ್ದರೆ ಉಳಿದವರ ನೆಲವನ್ನು ಕಾನೂನಿನ ಬಲದಿಂದ ಕಿತ್ತುಕೊಳ್ಳಬಹುದು. ಅದಕ್ಕೇ ಕಂಪನಿಗೆ ಜನ ನಂಬುವಂಥ ಒಂದು ಮುಖ ಬೇಕಾಗಿತ್ತು. ಬಿಳಿಗೂದಲು, ಕನ್ನಡಕ, ನಗಿಸುತ್ತ ಮಾತಾಡುವ ಬಾಯಿ. ಮೇಷ್ಟ್ರಿಗಿಂತ ಒಳ್ಳೆಯ ಮುಖ ಎಲ್ಲಿ ಸಿಗಬೇಕು?

ಈಗ ಅಳತೆಗೆ ಉಳಿದಿದ್ದು ಈ ತಗ್ಗಿನ ಹೊಲ ಒಂದೇ. ಮಡಕೆ ಅಲ್ಲಿರುವವರೆಗೂ ಗೂಟ ನೆಡುವುದಿಲ್ಲವೆಂದು ಅಳತೆಯವರು ಸಾಮಾನು ಕಟ್ಟಿಕೊಂಡು ಹೋಗಿಬಿಟ್ಟಿದ್ದರು.

ಮೇಷ್ಟ್ರು ಮೇಣ ಕೆರೆದರು. ಒಂದು ಗಂಟು ಬಿಚ್ಚಿಕೊಂಡಿತು. ಎರಡನೆಯದೂ ಬಿಚ್ಚಿಕೊಂಡಿತು. ಮೂರನೆಯದು ಕಲ್ಲಾಗಿತ್ತು. ಉಗುರಿಗೆ ಸಿಗಲಿಲ್ಲ. ಅವರು ಬಗ್ಗಿ ಹಲ್ಲು ಹಾಕಿ ಎಳೆದರು.

ಬಟ್ಟೆ ಸಡಿಲವಾಯಿತು. ಮುಖಕ್ಕೆ ತಣ್ಣಗೆ ಏನೋ ತಾಕಿತು. ಹಸಿ ಜೇಡಿಯ ವಾಸನೆ, ಆಗಷ್ಟೇ ಆರಿದ ಬತ್ತಿಯ ವಾಸನೆ, ಅದರ ಹಿಂದೆಯೇ ಮೂಗಿನೊಳಗೆ ಚುರ್ರೆನ್ನುವ ಹುಳಿ. ಕಣ್ಣಲ್ಲಿ ನೀರು ಬಂತು. ಮಡಕೆಯನ್ನು ಬೋರಲು ಹಾಕಿದರು. ಒಳಗಿನಿಂದ ಒಂದು ಚಿಟಿಕೆ ಧೂಳೂ ಬೀಳಲಿಲ್ಲ.

"ನೋಡಿದ್ಯೇನಯ್ಯಾ? ಖಾಲಿ!" ಎಂದು ಜೀಪಿನ ಕಡೆ ಕೂಗಿದರು.

"ಈಗ ಖಾಲಿ ಆಯ್ತು," ಎಂದಿತು ಇನ್ನೊಂದು ದನಿ.

ಎದುರಿನ ಬದುವಿನ ಮೇಲೆ ಬಾವಿಯಜ್ಜಿ ನಿಂತಿದ್ದಳು. ಹೊಲ ಅವಳದು. ಬಾವಿ ತೋಡುವವನ ಹೆಂಡತಿಯಾಗಿ ಬಂದು, ಮೂವತ್ತು ವರ್ಷದಿಂದ ತಗ್ಗಿನ ಅಂಚಿನ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದವಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಮೇಷ್ಟ್ರಿಗೆ ಇರಿಸುಮುರಿಸಾಯಿತು.

"ನಮ್ಮೆಜಮಾನ್ರು ಈ ಬಾವೀಲೇ ಹೋಗಿದ್ದು," ಎಂದಳು ಅಜ್ಜಿ. "ಇಳಿಸಿದ ದೀಪ ಆರಿಹೋಗಿತ್ತು. ಆದ್ರೂ ಇಳಿದ್ರು, ಕೆಳಗೆ ಬಿದ್ದಿದ್ದ ಕೂಲಿಯವನನ್ನ ಎತ್ತೋಕೆ. ಇಬ್ಬರನ್ನೂ ತಿಂದ ಮೇಲೆ ಆ ಗಾಳಿಗೆ ಮನುಷ್ಯರ ರುಚಿ ಹತ್ತಿತು. ಮೇಲೆ ಬಂತು. ಅಕ್ಕಪಕ್ಕದ ಮನೇಲಿ ಒಲೆ ಹತ್ತಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದವು ಏಳಲಿಲ್ಲ. ನಾನು ಒಂದೇ ಉಸಿರಲ್ಲಿ ತಳಕ್ಕಿಳಿದು, ಅದೇ ಉಸಿರಲ್ಲಿ ಮಡಕೇಲಿ ಕಟ್ಟಿ ಮೇಲೆ ತಂದೆ. ಮಂತ್ರ ಹೇಳಿಕೊಟ್ಟೋರು ಮೂರು ಗಂಟು ಹಾಕು ಅಂದಿದ್ರು, ಹಾಕಿದೆ. ನೀವು ಹಲ್ಲು ಹಾಕಿ ಬಿಚ್ಚಿದ್ರಿ. ಇನ್ನು ಅದು ನಿಮ್ಮ ಹಿಂದೆ ಬರುತ್ತೆ."

ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತು ಕೆಮ್ಮು ಬಂತು.

ಜೀಪು ಹೊರಟ ಮೇಲೆ ಡ್ರೈವರ್ ಸಿಗರೇಟು ಹಚ್ಚಲು ಕಡ್ಡಿ ಗೀರಿದ. ಆರಿತು. ಇನ್ನೊಂದು ಗೀರಿದ. ಆರಿತು. ನಾಲ್ಕನೆಯ ಕಡ್ಡಿಯೂ ಆರಿದಾಗ ಅವನು ಗಾಡಿ ನಿಲ್ಲಿಸಿ, ಕೆಳಗಿಳಿದು, ರಸ್ತೆಯಾಚೆ ಹೋಗಿ ಹಚ್ಚಿಕೊಂಡ. ತಿರುಗಿ ಬಂದವನು ಮೇಷ್ಟ್ರ ಕಡೆ ನೋಡಲಿಲ್ಲ.

ಮೇಷ್ಟ್ರಿಗೆ ಮಡಕೆಯ ಯೋಚನೆ ಇರಲಿಲ್ಲ. ಅಜ್ಜಿಯ ಮುಖವೇ ಕಾಡುತ್ತಿತ್ತು. ಅವಳನ್ನು ಅವರು ನೋಡಿದ್ದು ಇದು ಎರಡನೆಯ ಸಲ.

ಮೊದಲ ಸಲ ನೋಡಿದ್ದು ಹದಿನೈದು ದಿನದ ಹಿಂದೆ, ಅಹವಾಲು ಸಭೆಯಲ್ಲಿ. ಹಾಲ್ ತುಂಬ ಜನ, ಬೆವರಿನ ವಾಸನೆ, ಕಿರ್ರೆನ್ನುವ ಫ್ಯಾನು. ನಲವತ್ತು ಮನೆಯವರೂ ಬಂದಿದ್ದರು. ಪೈಪು ಒಡೆದರೆ ಗತಿಯೇನೆಂದು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಮೇಷ್ಟ್ರು ವೇದಿಕೆ ಹತ್ತಿ, ಚೀಲದಿಂದ ಒಂದು ಸೋಡಾ ಬಾಟಲಿ ತೆಗೆದು, ಠಪ್ಪೆಂದು ಮುಚ್ಚಳ ಹಾರಿಸಿ, ಗಟಗಟನೆ ಕುಡಿದು, ಮೈಕಿನ ಮುಂದೆಯೇ ದೊಡ್ಡದಾಗಿ ತೇಗಿದರು. "ಇದೇ ಕಣ್ರಪ್ಪಾ ಆ ಭಯಂಕರ ಗಾಳಿ!" ಹಾಲ್ ಬಿದ್ದು ಬಿದ್ದು ನಕ್ಕಿತು.

ಆಗ ಹಿಂದಿನ ಸಾಲಿನಿಂದ ಬಾವಿಯಜ್ಜಿ ಎದ್ದಳು. "ಮೇಷ್ಟ್ರೇ, ಈ ಗಾಳಿ ಭಾರ ಅಲ್ವಾ? ತಗ್ಗಿಗೆ ಇಳಿದು ಕೂತ್ಕೊಳುತ್ತೆ ಅಲ್ವಾ? ಅದರೊಳಗೆ ದೀಪ ಆರುತ್ತೆ, ಮನುಷ್ಯನೂ ಆರ್ತಾನೆ. ನೀವು ಓದಿದೋರು, ಹೌದೋ ಅಲ್ವೋ ಹೇಳಿ."

ಹೌದು ಅನ್ನುವುದು ಅವರಿಗೆ ಗೊತ್ತಿತ್ತು. ಅವರಷ್ಟು ಚೆನ್ನಾಗಿ ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವರ್ಷವರ್ಷವೂ ಏಳನೇ ಕ್ಲಾಸಿಗೆ ಮೇಣದಬತ್ತಿ ಹಚ್ಚಿಟ್ಟು, ಜಾಡಿಯಿಂದ ಕಾಣದ ಗಾಳಿಯನ್ನು ನೀರಿನಂತೆ ಸುರಿದು, ಜ್ವಾಲೆ ಆರುವುದನ್ನು ತೋರಿಸಿದ್ದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಮುಂದಿನ ಸಾಲಿನಲ್ಲಿ ಕಂಪನಿಯ ಅಧಿಕಾರಿ ಕೂತಿದ್ದರು. ಮೇಲಾಗಿ ಆ ನಗು, ಆ ಚಪ್ಪಾಳೆ. ನಿವೃತ್ತಿಯಾದ ಮೇಲೆ ಅವರ ಮಾತಿಗೆ ಇಷ್ಟು ಜನ ನಕ್ಕಿರಲಿಲ್ಲ.

"ಅಜ್ಜೀ," ಎಂದಿದ್ದರು, "ನಿಮ್ಮನೇಲಿ ದೀಪ ಆರಿದ್ರೆ ಎಣ್ಣೆ ಹಾಕಿ!"

ಜನ ಮತ್ತೆ ನಕ್ಕರು. ಅಜ್ಜಿ ಕೂತಳು. ಆ ವಾರವೇ ಇಪ್ಪತ್ತೇಳು ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಮಡಕೆ ಬಿಚ್ಚಿದ ಮಾರನೆಯ ಬೆಳಿಗ್ಗೆ ಮೇಷ್ಟ್ರು ಅಡುಗೆಮನೆಗೆ ಕಾಲಿಟ್ಟೊಡನೆ ಒಲೆಯ ಎರಡೂ ಉರಿ ಪುಸ್ಸೆಂದು ಆರಿದವು. "ಬರ್ನರ್ ಕಟ್ಟಿಕೊಂಡಿದೆ," ಎಂದು ಪಿನ್ನು ಹಿಡಿದು ಕೂತರು. ಹೆಂಡತಿ ಕಡ್ಡಿ ಗೀರಿದಳು. ಹತ್ತಲಿಲ್ಲ. "ನೀವು ಸ್ವಲ್ಪ ಆಚೆ ಹೋಗಿ, ಮೈಮೇಲೆ ನಿಂತ್ಕೋಬೇಡಿ," ಎಂದಳು. ಅವರು ಆಚೆ ಹೋದರು. ಒಲೆ ಹತ್ತಿತು.

ಆಫೀಸಿನಲ್ಲಿ ದಿನಾ ಅವರ ಮೇಜಿನ ಕೆಳಗೆ ಮಲಗುತ್ತಿದ್ದ ಬೆಕ್ಕು ಅಂದೂ ಬಂದು ಕಾಲ ಬಳಿ ಸುತ್ತಿಕೊಂಡಿತು. ಸಂಜೆ ಕಸ ಗುಡಿಸುವವಳು ಪೊರಕೆಯಿಂದ ಮೆಲ್ಲಗೆ ತಟ್ಟಿದಳು. ಬೆಕ್ಕು ಮಲಗಿದ ಭಂಗಿಯಲ್ಲೇ ಸೆಟೆದುಕೊಂಡಿತ್ತು.

ಮೇಷ್ಟ್ರು ವಿಜ್ಞಾನದವರು. ಮನೆಯ ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೇಣದಬತ್ತಿಯನ್ನು ಎತ್ತರದ ಕಪಾಟಿನ ಮೇಲಿಟ್ಟು ಬಳಿ ನಿಂತರು. ಜ್ವಾಲೆ ಕುಗ್ಗಿತು, ಆದರೂ ಉರಿಯಿತು. ಮೇಜಿನ ಮೇಲಿಟ್ಟರು. ನೀಲಿಯಾಗಿ, ನಡುಗಿ, ಆರಿತು. ಕಾಲ ಬಳಿ ನೆಲದ ಮೇಲಿಟ್ಟರು. ಕಡ್ಡಿಯೇ ಹತ್ತಲಿಲ್ಲ. ಸುಣ್ಣ ಕಲಸಿ, ಸೋಸಿ, ತಿಳಿನೀರು ಮಾಡಿ ಬಟ್ಟಲಲ್ಲಿ ಪಾದದ ಪಕ್ಕ ಇಟ್ಟುಕೊಂಡು ಕಾದರು. ಸ್ಫಟಿಕದಂತಿದ್ದ ನೀರು ನೋಡನೋಡುತ್ತಲೇ ಹಾಲಿನಂತೆ ಬಿಳಿಚಿಕೊಂಡಿತು.

ಅವರು ಅದನ್ನು ಎಷ್ಟು ಮಕ್ಕಳಿಗೆ ತೋರಿಸಿದ್ದರು! ಯಾವ ಗಾಳಿ ಹೇಳಿ ಮಕ್ಕಳೇ?

ಕೆಳಗೆ ಮಗಳು ತನ್ನ ಎಂಟು ತಿಂಗಳ ಕೂಸನ್ನು ನಗಿಸುತ್ತಿದ್ದಳು. ಕೂಸು ಈಗಷ್ಟೇ ಅಂಬೆಗಾಲಿಡಲು ಕಲಿತಿತ್ತು. ದಿನವಿಡೀ ಅದು ಇರುತ್ತಿದ್ದದ್ದು ನೆಲದ ಮೇಲೆಯೇ.

ಅಂದಿನಿಂದ ಅವರು ಮಹಡಿಯಿಂದ ಇಳಿಯುವುದನ್ನೇ ಕಡಿಮೆ ಮಾಡಿದರು. ನೆಗಡಿ ಅಂದರು. ಬೆನ್ನುನೋವು ಅಂದರು. ನಿಜ ಹೇಳಲು ಆಗಲಿಲ್ಲ. ಮಾಟ ಹತ್ತಿದೆ ಎನ್ನಲು ನಾಚಿಕೆಯಲ್ಲ. ಹೇಳಹೊರಟರೆ ಮಡಕೆಯಿಂದ ಶುರುಮಾಡಿ ಸೋಡಾ ಬಾಟಲಿಯವರೆಗೆ ಹೇಳಬೇಕಾಗುತ್ತಿತ್ತು. ಮಗಳು ಅವರದೇ ಕ್ಲಾಸಿನಲ್ಲಿ, ಮುಂದಿನ ಬೆಂಚಿನಲ್ಲಿ ಕೂತು ಕಲಿತವಳು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಚಪ್ಪಲಿ ಹುಡುಕಲು ಕೆಳಗಿಳಿದಿದ್ದರು. ಹೆಂಡತಿ ಅಂಗಡಿಗೆ ಹೋಗಿದ್ದಳು. ಕೂಸು ಹೊಸ್ತಿಲು ದಾಟದಿರಲೆಂದು ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುವುದು ಅವಳ ರೂಢಿ. ಮಗಳು ಕೂಸನ್ನು ಚಾಪೆಯ ಮೇಲೆ ಬಿಟ್ಟು ಟವೆಲು ಹೆಗಲಿಗೆ ಹಾಕಿಕೊಂಡಳು.

"ಹತ್ತೇ ನಿಮಿಷ ನೋಡ್ಕೋ ಅಪ್ಪ, ಸ್ನಾನ ಮಾಡಿ ಬಂದೆ. ನೀನು ಇವಳನ್ನ ಎತ್ಕೊಂಡು ಎಷ್ಟು ದಿನ ಆಯ್ತು? ಏನಾಗಿದೆ ನಿಂಗೆ?"

ಮೇಷ್ಟ್ರು ಬಾಯಿ ತೆರೆದರು. ಮಗಳು ನೋಡುತ್ತ ನಿಂತಳು. ಆಗ ಹೇಳಿದ್ದರೆ ಆಗುತ್ತಿತ್ತು.

"ಏನಿಲ್ಲಮ್ಮ. ಹೋಗು, ನಾನಿದ್ದೀನಿ."

ಬಚ್ಚಲಿನ ಬಾಗಿಲು ಮುಚ್ಚಿತು. ನೀರಿನ ಸದ್ದು ಶುರುವಾಯಿತು.

ಮೇಷ್ಟ್ರು ಕೋಣೆಯ ಆಚೆ ಮೂಲೆಗೆ ಸರಿದು, ಕಿಟಕಿ ತೆರೆದು ನಿಂತರು. ಕೂಸು ತಲೆಯೆತ್ತಿ ತಾತನನ್ನು ಕಂಡಿತು. ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಅಂಗೈ ಊರಿತು, ಮಂಡಿ ಊರಿತು, ಹೊರಟಿತು.

"ಬೇಡ ಚಿನ್ನ. ಅಲ್ಲೇ ಇರು."

ಕೂಸಿಗೆ ಅದು ಆಟ. ಮೇಷ್ಟ್ರು ಗೋಡೆಗುಂಟ ಸರಿದರು. ಕೂಸು ತಿರುಗಿತು. ಅವರು ಕುರ್ಚಿಯ ಹಿಂದೆ ಹೋದರು. ಅದು ಕುರ್ಚಿಯ ಕೆಳಗೆ ನುಸುಳಿತು. ಕಿಲಕಿಲ ನಗು. ಅವರು ಬಾಗಿಲಿಗೆ ಓಡಿದರು. ಎಳೆದರು. ಹೊರಗಿನ ಚಿಲಕ. ಗುದ್ದಿದರು. ಯಾರೂ ಇಲ್ಲ. ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು. ಮೂಗಿಗೆ ಹಸಿ ಜೇಡಿಯ ವಾಸನೆ. ಆರಿದ ಬತ್ತಿಯ ವಾಸನೆ. ಬೆನ್ನಿಗೆ ಬಾಗಿಲು. ಮುಂದೆ ಕೂಸು. ಪುಟ್ಟ ಬೆರಳು ಪ್ಯಾಂಟಿನ ಅಂಚು ಹಿಡಿಯಿತು. ಎಳೆಯಿತು. ನಕ್ಕಿತು.

ನಗು ನಡುವೆಯೇ ನಿಂತಿತು.

ಕೂಸು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ತಲೆ ವಾಲಿತು. ಹಣೆ ಅವರ ಪಾದದ ಮೇಲೆ ಬಂದು ಕೂತಿತು. ಬಿಟ್ಟರೆ ನೆಲ. ಅಪ್ಪಿಕೊಂಡರೆ ಅವರ ಉಸಿರು. ಎರಡು ಕೈಯಲ್ಲೂ ಹಿಡಿದು ತಲೆಗಿಂತ ಮೇಲೆ, ತೋಳು ಎಟುಕುವಷ್ಟೂ ಮೇಲೆ ಎತ್ತಿದರು. ಓಡಿದರು. ಬಚ್ಚಲಿನ ಬಾಗಿಲಿಗೆ ಒದ್ದರು. ಮತ್ತೆ ಒದ್ದರು.

"ತಗೋ! ಇವಳನ್ನ ತಗೋ! ನನ್ನಿಂದ ದೂರ ಹೋಗು!"

ಒದ್ದೆ ಕೂದಲಲ್ಲಿ ಮಗಳು ಕೂಸನ್ನು ಕಿತ್ತುಕೊಂಡಳು. ತುಟಿ ನೀಲಿ. ಮೇಷ್ಟ್ರು ಮೆಟ್ಟಿಲು ಹತ್ತಿ ತಾರಸಿಗೆ ಓಡಿ, ನೀರಿನ ತೊಟ್ಟಿಗೆ ಹಣೆಯೊತ್ತಿ ನಿಂತರು. ಕೆಳಗೆ ಸದ್ದಿಲ್ಲ. ಮಗಳ ದನಿ, ಕೂಸಿನ ಹೆಸರು, ಮತ್ತೆ ಹೆಸರು. ಸದ್ದಿಲ್ಲ. ಆಮೇಲೆ ತೆಳ್ಳಗೆ, ದಾರದಂತೆ, ಒಂದು ಅಳು.

ಮಗಳು ತಾರಸಿಯ ಬಾಗಿಲಿಗೆ ಬಂದು ನಿಂತಳು. "ಏನ್ ಮಾಡ್ದೆ ಅಪ್ಪ ಅವಳಿಗೆ?"

ಕೆಳಗೆ ಹೆಂಡತಿ ಚಿಲಕ ತೆಗೆದ ಸದ್ದಾದೊಡನೆ ಮೇಷ್ಟ್ರು ಮಗಳನ್ನು ದಾಟಿ ಮನೆಯಿಂದ ಹೊರಬಿದ್ದರು.

ಬಿಸಿಲಿನಲ್ಲಿ ನಡೆದೇ ಅವರು ಬಾವಿಯಜ್ಜಿಯ ಮನೆ ಸೇರಿದರು. ಅಜ್ಜಿ ಕಾಳು ಆರಿಸುತ್ತಿದ್ದಳು. ಅವರು ದೂರದಲ್ಲೇ ನಿಂತು ಎಲ್ಲ ಹೇಳಿದರು. ಕೂಸಿನ ಮಾತು ಬಂದಾಗ ಅವಳ ಕೈ ನಿಂತಿತು.

"ಬಿಚ್ಚಿದ ಬಾಯಿಂದಲೇ ಅದನ್ನ ಬಿಡಬೇಕು," ಎಂದಳು. "ಆವತ್ತು ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ಹೋಗಿ, ಅದೇ ಜನರ ಎದುರಿಗೆ ನಿಜ ಹೇಳಿ. ಬರೀ ಹೇಳಿ ಬಂದುಬಿಡಿ. ತೋರಿಸೋಕೆ ಹೋಗಬೇಡಿ."

"ನನ್ನ ಬಿಟ್ಟು ಅದು ಎಲ್ಲಿಗೆ ಹೋಗುತ್ತಜ್ಜಿ?"

"ಮೊದಲು ಮಗೂನ ಉಳಿಸ್ಕೊಳ್ಳಿ," ಎಂದು ಅಜ್ಜಿ ಮತ್ತೆ ಮೊರ ಹಿಡಿದಳು.

ಕೊನೆಯ ಅಹವಾಲು ಸಭೆ ಅಂದೇ ಮಧ್ಯಾಹ್ನ ಮೂರಕ್ಕಿತ್ತು. ಯಾರೂ ಕರೆಯದೆಯೇ ಮೇಷ್ಟ್ರು ವೇದಿಕೆ ಹತ್ತಿ ಮೈಕು ಹಿಡಿದರು. ತಗ್ಗಿನ ಹೊಲದಿಂದ ನಡೆದು ಬಂದಿದ್ದ ಅಜ್ಜಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ನಾನು ನಿಮಗೆ ಸುಳ್ಳು ಹೇಳಿದೆ," ಎಂದರು. "ಸೋಡಾದಲ್ಲಿರೋದು ಗುಟುಕಿನಷ್ಟು. ಪೈಪಲ್ಲಿರೋದು ಊರು ಮುಳುಗಿಸೋವಷ್ಟು. ಅದು ಗಾಳಿಗಿಂತ ಭಾರ. ಒಡೆದ್ರೆ ಕಾಣೋದಿಲ್ಲ, ವಾಸನೆ ಬರೋದಿಲ್ಲ, ತಗ್ಗಿನಲ್ಲಿರೋ ಮನೆಗಳಲ್ಲಿ ತುಂಬ್ಕೊಳುತ್ತೆ. ಗಾಡಿ ಕೂಡ ಸ್ಟಾರ್ಟ್ ಆಗಲ್ಲ, ಓಡೋಕೆ. ಇದೆಲ್ಲ ನನಗೆ ಮೂವತ್ತು ವರ್ಷದಿಂದ ಗೊತ್ತು. ಅಜ್ಜಿ ಕೇಳಿದ್ದು ಸರಿಯಾಗಿತ್ತು. ಸರಿ ಅಂತ ಗೊತ್ತಿದ್ದೇ ನಾನು ನಿಮ್ಮನ್ನ ನಗಿಸಿದೆ."

ಸಹಿ ಹಾಕಿದವರು ಒಬ್ಬರ ಮುಖ ಒಬ್ಬರು ನೋಡಿದರು. ಹಾಲು ಮಾರುವವನು ಎದ್ದು ನಿಂತ. "ಹಾಗಾದ್ರೆ ನಮ್ಮ ಸಹಿ ವಾಪಸ್ ಕೊಡಿ." ಇನ್ನಿಬ್ಬರು ಎದ್ದರು. ಕಂಪನಿಯ ಅಧಿಕಾರಿಯ ಮುಖ ಕಪ್ಪಿಟ್ಟಿತು.

ಅಲ್ಲಿಗೇ ಇಳಿದು ಬಂದಿದ್ದರೆ ಸಾಕಿತ್ತು.

ಆದರೆ ತೋರಿಸದೆ ಪಾಠ ಮಾಡಿ ಅವರಿಗೆ ಗೊತ್ತಿರಲಿಲ್ಲ. ತಮ್ಮ ಬರಿಯ ಮಾತನ್ನು ಜನ ಇನ್ನು ನಂಬುತ್ತಾರೆಂಬ ಧೈರ್ಯವೂ ಇರಲಿಲ್ಲ. ಜೇಬಿನಿಂದ ಮೇಣದಬತ್ತಿ ತೆಗೆದರು. ಹಿಂದಿನ ಸಾಲಿನಲ್ಲಿ ಅಜ್ಜಿ ಬೇಡವೆಂದು ತಲೆಯಾಡಿಸುತ್ತಿದ್ದುದು ಅವರಿಗೆ ಕಾಣಿಸಿತು.

"ಆ ಗಾಳಿ ಈಗ ನನ್ನ ಮೈಗೇ ಹತ್ತಿದೆ. ನೋಡಿ. ನನ್ನ ಕಾಲ ಬಳಿ ಬೆಂಕಿ ಹತ್ತೋದೇ ಇಲ್ಲ."

ಕಡ್ಡಿ ಗೀರಿದರು. ಹತ್ತಿತು. ಬತ್ತಿಗೆ ಮುಟ್ಟಿಸಿದರು. ಹಚ್ಚಿದ ಬತ್ತಿಯನ್ನು ಪಾದದ ಪಕ್ಕದಲ್ಲಿಟ್ಟರು.

ಉರಿಯಿತು. ಅಲುಗಲಿಲ್ಲ, ಕುಗ್ಗಲಿಲ್ಲ. ಹಳದಿಯಾಗಿ, ನೆಟ್ಟಗೆ, ಬೆಚ್ಚಗೆ ಉರಿಯಿತು. ಮೇಷ್ಟ್ರು ಮಂಡಿಯೂರಿ, ಮುಖ ತಗ್ಗಿಸಿ, ಅದರ ಮೇಲೆ ಉಸಿರು ಬಿಟ್ಟರು. ಆಗಲೂ ಉರಿಯಿತು.

ಬಿಟ್ಟುಹೋಗಿತ್ತು. ನಿಜ ಹೇಳಿದ ಗಳಿಗೆಯಲ್ಲೇ ಬಿಟ್ಟುಹೋಗಿತ್ತು. ಅವರಿಗೆ ಹಾಲ್ ಮರೆತುಹೋಯಿತು, ಜನ ಮರೆತುಹೋದರು, ಇಪ್ಪತ್ತೇಳು ಸಹಿ ಮರೆತುಹೋಯಿತು. ಕೂಸನ್ನು ಎತ್ತಿಕೊಳ್ಳಬಹುದು. ನೆಲದ ಮೇಲೆ ಮಂಡಿಯೂರಿಕೊಂಡೇ ಅವರು ನಕ್ಕುಬಿಟ್ಟರು, ಬಾಯಿ ತುಂಬ, ಎಲ್ಲರೆದುರಿಗೆ.

ಅಧಿಕಾರಿ ಮೈಕು ಎತ್ತಿಕೊಂಡರು. "ಮೇಷ್ಟ್ರು ಇವತ್ತು ಸೋಡಾ ತರೋದು ಮರೆತ್ರು ಅಂತ ಕಾಣುತ್ತೆ. ಯಾರಾದ್ರೂ ಅವರನ್ನ ಮನೆಗೆ ಬಿಟ್ಟು ಬನ್ನಿ ಪಾಪ, ಬಿಸಿಲು ಜಾಸ್ತಿ."

ಮೊದಲು ಒಂದು ಮೂಲೆಯಲ್ಲಿ ನಗು ಸಿಡಿಯಿತು. ಆಮೇಲೆ ಇಡೀ ಹಾಲ್ ನಕ್ಕಿತು. ಹಾಲು ಮಾರುವವನು ನಗುತ್ತಲೇ ಕೂತುಬಿಟ್ಟ. ಉಳಿದಿಬ್ಬರೂ ಕೂತರು. ನಗದೆ ಇದ್ದವಳು ಅಜ್ಜಿ ಒಬ್ಬಳೇ. ಅವಳು ಎದ್ದು, ಗೋಡೆ ಹಿಡಿದುಕೊಂಡು, ಹೊರಗೆ ನಡೆದಳು.

ಅಂದೇ ಸಂಜೆ ಮೇಷ್ಟ್ರು ಕೆಲಸ ಬಿಟ್ಟರು. ಹೆಂಡತಿಗೆ, ಮಗಳಿಗೆ ಒಂದೂ ಮುಚ್ಚಿಡದೆ ಹೇಳಿದರು. ಹತ್ತು ದಿನ ಕಳೆದ ಮೇಲೆ ಮಗಳು ಕೂಸನ್ನು ತಂದು ಅವರ ತೊಡೆಯ ಮೇಲೆ ಕೂರಿಸಿದಳು. ಆದರೆ ಕೋಣೆ ಬಿಟ್ಟು ಹೋಗಲಿಲ್ಲ, ಕೂಸಿನ ಎದೆಯಿಂದ ಕಣ್ಣು ತೆಗೆಯಲಿಲ್ಲ. ಕೂಸು ಅವರ ಕುತ್ತಿಗೆಗೆ ಬೆಚ್ಚಗೆ ಉಸಿರು ಬಿಡುತ್ತ ನಿದ್ದೆ ಹೋಯಿತು.

ತಿಂಗಳಾದ ಮೇಲೆ ಅವರು ತಗ್ಗಿನ ಹೊಲಕ್ಕೆ ಹೋದರು. ಕೆಂಪು ಬಟ್ಟೆ ಕಟ್ಟಿದ ಗೂಟಗಳು ಒಂದು ಬದುವಿನಿಂದ ಇನ್ನೊಂದು ಬದುವಿಗೆ ಸಾಲಾಗಿ ನಿಂತಿದ್ದವು. ಅಗೆಯುವ ಯಂತ್ರದ ಗುಡುಗು ದೂರದಿಂದ ಕೇಳುತ್ತಿತ್ತು. ಅಜ್ಜಿ ಮನೆಯಲ್ಲಿರಲಿಲ್ಲ. ಮೇಲಿನ ಬದುವಿನ ತುದಿಯಲ್ಲಿ ಮೂರು ಕಲ್ಲು ಹೂಡಿ, ಬೆಂಕಿಯಿಂದ ಮಾರುದೂರ ಕೂತು, ಉದ್ದನೆಯ ಕೋಲಿನಿಂದ ಕಟ್ಟಿಗೆ ಮುಂದೂಡುತ್ತಿದ್ದಳು. ಕೋಳಿಗಳೆಲ್ಲ ಮನೆಯ ಛಾವಣಿಯ ಮೇಲಿದ್ದವು. ಅಂಗಳದಲ್ಲಿ ಒಂದೂ ಇಳಿದಿರಲಿಲ್ಲ. ಅವಳು ಹತ್ತಿರ ಬಂದಳೆಂದರೆ ಬೆಂಕಿ ಕುಗ್ಗುತ್ತಿತ್ತು. ದೂರ ಸರಿದರೆ ಏಳುತ್ತಿತ್ತು.

ಮೇಷ್ಟ್ರು ದೂರದಲ್ಲೇ ನಿಂತು ಕೇಳಿದರು.

"ನಿಮಗೆ ಗೊತ್ತಿತ್ತಾ ಅಜ್ಜಿ, ನಿಮ್ಮ ಹತ್ರಾನೇ ಬರುತ್ತೆ ಅಂತ?"

"ಕಟ್ಟಿದೋಳಿಗೆ ಗೊತ್ತಿರಲ್ವಾ?"

"ಮತ್ತೆ ಕಟ್ಟಬಹುದಲ್ಲಾ? ಇನ್ನೊಂದು ಮಡಕೆ ತಂದು…"

"ಅದಕ್ಕೆ ಒಂದೇ ಉಸಿರು ಹಿಡಿಬೇಕು, ತಳದಿಂದ ಮೇಲಿನವರೆಗೆ. ಆಗ ವಯಸ್ಸಿತ್ತು." ಅಜ್ಜಿ ಎದೆ ತಟ್ಟಿಕೊಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಸುಧಾರಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಮೇಷ್ಟ್ರು ಹತ್ತಿರ ಹೋಗಹೊರಟಾಗ ಕೋಲು ಅಡ್ಡ ಹಿಡಿದಳು. "ಅಲ್ಲೇ ನಿಂತ್ಕೊಳ್ಳಿ. ಮನೇಲಿ ಮಗು ಇದೆ ನಿಮಗೆ."

ಅವರು ಅಲ್ಲೇ ನಿಂತರು. ಕೈ ಮುಗಿಯಬೇಕೆನ್ನಿಸಿತು, ಕೈ ಮೇಲೇಳಲಿಲ್ಲ. ಯಂತ್ರದ ಸದ್ದು ಬದುವಿನಿಂದ ಬದುವಿಗೆ ಹತ್ತಿರವಾಗುತ್ತಿತ್ತು.

"ಆಡ್ತಾಳಾ ಈಗ?" ಎಂದು ಅಜ್ಜಿ ಕೇಳಿದಳು.

"ಆಡ್ತಾಳೆ," ಎಂದರು ಮೇಷ್ಟ್ರು. ಅವಳ ಮುಖ ನೋಡಲಾಗದೆ ನೆಲ ನೋಡುತ್ತ ಹೇಳಿದರು.